ಘಟ್ಟದ ಮೇಲೊಂದು, ಘಟ್ಟದ ಕೆಳಗೊಂದು: ದುಬಾರಿ ಸೆಂಟು ಕೊಳ್ಳುವ ಮುನ್ನ

"ಬರೋ ಗುರುವಾರ ದುಬೈಯಿಂದ ತಮ್ಮ ಬರ್ತಾನೆ. ಒಳ್ಳೆ ಸೆಂಟು ತರ್ಲಾ ಕೇಳ್ತಾ ಇದ್ದಾನೆ. ಎಂತ ಹೇಳ್ಲಿ?"

ಮಧ್ಯಾಹ್ನ ಊಟದ ಡಬ್ಬಿ ಮುಚ್ಚುತ್ತ ಆಫೀಸಿನ ಗೆಳತಿ ಫೋನನ್ನು ನನ್ನ ಮುಂದೆ ಹಿಡಿದಳು. ನಾಲ್ಕು ಫೋಟೊ: ಶನೆಲ್ ನಂಬರ್ 5, ಟೆರ್ ದೆರ್ಮೆಸ್, ಬ್ಯಾಕರಾ ರೂಜ್ 540, ಮತ್ತೆ ಚಿನ್ನದ ಬಣ್ಣದ ಮುಚ್ಚಳವಿರುವ ಪುಟ್ಟ ಸೀಸೆಯಲ್ಲಿ ಊದ್ ಅತ್ತರು. ಅದೇ ವಾರ ಶಿರಸಿಯಿಂದ ಚಿಕ್ಕಮ್ಮನ ಮಗಳು ಫೋನು ಮಾಡಿದಳು. ಮಾಘದಲ್ಲಿ ಮದುವೆ, ಕೈಯಲ್ಲಿ ಎರಡು ಸಾವಿರ ಇದೆ, 'ಚೊಲೋ ಪರಿಮಳದ್ದು' ಒಂದು ಬೇಕು. ಇಬ್ಬರಿಗೂ ಒಂದೇ ಹೆಸರು ಹೇಳಿ ಮುಗಿಸಬಹುದಿತ್ತು. ಆದರೆ ಒಬ್ಬಳು ಕಾರವಾರದಲ್ಲಿ ದಿನಾ ಬೆವರುವವಳು, ಇನ್ನೊಬ್ಬಳು ಮಾಘದ ಚಳಿಯಲ್ಲಿ ಶಾಲು ಹೊದೆಯುವವಳು. ಹಾಗಾಗಿ ಇಷ್ಟುದ್ದ ಬರೆಯಬೇಕಾಯಿತು.

ನಾನು ಸುಗಂಧ ತಯಾರಿಸುವವಳಲ್ಲ, ಮಾರುವವಳೂ ಅಲ್ಲ. ಎಂಟು ವರ್ಷದಿಂದ ಹುಚ್ಚು ಹಿಡಿದಿದೆ, ಅಷ್ಟೇ. ಈ ದುಡ್ಡಿಗೆ ಎರಡು ಬಳೆ ಆಗುತ್ತಿತ್ತು ಎಂದು ಆಯಿ ಈಗಲೂ ಲೆಕ್ಕ ಹಾಕುತ್ತಾಳೆ. ವಾರದ ದಿನ ಕಾರವಾರ. ಹದಿನೈದು ದಿನಕ್ಕೊಮ್ಮೆ ಅಂಕೋಲಾ, ಕುಮಟಾ ದಾಟಿ, ದೇವಿಮನೆ ಘಟ್ಟ ಹತ್ತಿ ಶಿರಸಿಯ ತವರುಮನೆ. ಮೊದಮೊದಲು ಗಮನಿಸಿರಲಿಲ್ಲ, ಆಮೇಲೆ ತಿಳಿಯಿತು: ಬೆಳಿಗ್ಗೆ ಕಾರವಾರದಲ್ಲಿ ಹಾಕಿಕೊಂಡ ಸೆಂಟು ಮತ್ತು ಅದೇ ಸೀಸೆಯಿಂದ ಸಂಜೆ ಶಿರಸಿಯಲ್ಲಿ ಹಾಕಿಕೊಂಡ ಸೆಂಟು ಒಂದೇ ಅಲ್ಲ. ಪ್ಯಾರಿಸ್ಸಿನಲ್ಲಿ ಕೂತು ಮಾಡಿದವರಿಗೆ ಎರಡು ಸಾವಿರ ಅಡಿ ಎತ್ತರದ ಈ ವ್ಯತ್ಯಾಸ ಎಲ್ಲಿಂದ ಗೊತ್ತಿರಬೇಕು. ಈ ಹೋಲಿಕೆಯೆಲ್ಲ ಅದರ ಮೇಲೇ ನಿಂತಿದೆ.

ಅಳೆಯುವುದು ಹೇಗೆ

ಮೊದಲನೆಯದು ಹವೆ. ಸೆಂಟಿನಲ್ಲಿ ಹಗುರವಾದ ಅಂಶ ಮೊದಲು ಹಾರುತ್ತದೆ: ನಿಂಬೆ, ಕಿತ್ತಳೆ, ಬರ್ಗಮಾಟ್. ನಡುವೆ ಹೂವು, ಮಸಾಲೆ. ಕೊನೆಯಲ್ಲಿ ಭಾರದ್ದು: ಮರ, ಬೇರು, ವೆನಿಲ್ಲಾ, ಕಸ್ತೂರಿ ಜಾತಿಯವು. ತಂಪಿನಲ್ಲಿ ಇವು ಒಂದರ ಹಿಂದೊಂದು ಸರದಿಯಲ್ಲಿ ಬರುತ್ತವೆ. ಏಪ್ರಿಲ್-ಮೇ ತಿಂಗಳ ಕಾರವಾರದಲ್ಲಿ ಮೂರೂ ಒಟ್ಟಿಗೆ ಬಾಗಿಲು ದೂಡಿಕೊಂಡು ಬರುತ್ತವೆ. ಮೈ ಬಿಸಿ, ಬೆವರು ಆರುವುದಿಲ್ಲ, ಗಾಳಿಯ ತೇವಕ್ಕೆ ಮೂಗೂ ಚುರುಕು. ಅಂಗಡಿಯ ಎಸಿಯಲ್ಲಿ ಕಾಗದದ ಪಟ್ಟಿಗೆ ಹೊಡೆದು ಮೂಸಿ 'ಆಹಾ' ಎಂದದ್ದು ಮನೆಗೆ ಬಂದ ಮೇಲೆ ತಲೆನೋವಾಗುವುದು ಇದೇ ಕಾರಣಕ್ಕೆ.

ಎರಡನೆಯದು, ಎಷ್ಟು ದೂರ ಹೋಗುತ್ತದೆ ಎನ್ನುವುದು. ತುಂಬಿದ ಬಸ್ಸಿನಲ್ಲಿ ಮೂರು ಸೀಟಿನಾಚೆ ಕೂತವರಿಗೆ ನಿಮ್ಮ ಸೆಂಟು ಮುಟ್ಟಬೇಕಾದ ಅಗತ್ಯವಿಲ್ಲ. ದೇವಿಮನೆಯ ತಿರುವುಗಳಲ್ಲಿ ಮೊದಲೇ ಹೊಟ್ಟೆ ತೊಳಸುವವರ ಪಕ್ಕದಲ್ಲಂತೂ ಬೇಡವೇ ಬೇಡ.

ಮೂರನೆಯದು ಮಳೆಗಾಲ. ಇದನ್ನು ಯಾವ ಮಾರ್ಗದರ್ಶಿಯೂ ಹೇಳುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಬಟ್ಟೆಗೆ ತನ್ನದೇ ಒಂದು ವಾಸನೆ ಇರುತ್ತದೆ. ಕಪಾಟಿನಲ್ಲಿ ಬೂಷ್ಟು, ಹಗ್ಗದ ಮೇಲೆ ಮೂರು ದಿನ ನೇತಾಡಿದರೂ ಒಣಗದ ಚೂಡಿದಾರ. ಹಾಕುವ ಸೆಂಟು ಆ ಕಮಟಿನ ಜೊತೆ ಜಗಳಾಡುತ್ತದೆಯೋ, ರಾಜಿಯಾಗುತ್ತದೆಯೋ ನೋಡಬೇಕು.

ನಾಲ್ಕನೆಯದು ದಿನದ ಖರ್ಚು. ಸೀಸೆಯ ಬೆಲೆ ನೋಡಿ ಹೌಹಾರುವುದಕ್ಕಿಂತ ಹೀಗೆ ಲೆಕ್ಕ ಹಾಕಿ: ಒಂದು ಸಲ ಒತ್ತಿದರೆ ಸುಮಾರು 0.1 ಮಿಲಿ. 100 ಮಿಲಿ ಸೀಸೆಯಲ್ಲಿ ಹತ್ತಿರ ಹತ್ತಿರ ಸಾವಿರ ಸಲ.

ಕೊನೆಯದು, ಅಸಲಿಯೋ ನಕಲಿಯೋ ಎನ್ನುವ ಚಿಂತೆ. ಅದನ್ನು ಆಮೇಲೆ ಹೇಳುತ್ತೇನೆ, ನನ್ನದೇ ಕತೆ ಇದೆ.

ಡಬ್ಬಿಯ ಮೇಲಿನ ಫ್ರೆಂಚ್ ಪದಗಳ ಬಗ್ಗೆ ಒಂದು ಮಾತು. ಓ ದ ಕೊಲೋನ್ ಎಂದರೆ ಪರಿಮಳದ ಎಣ್ಣೆ ಸುಮಾರು ಶೇ. 2ರಿಂದ 4, ಓ ದ ತ್ವಾಲೆಟ್ ಶೇ. 5ರಿಂದ 15; ಓ ದ ಪಾರ್ಫಂ ಶೇ. 15ರಿಂದ 20, ಬರೀ ಪಾರ್ಫಂ ಎಂದಿದ್ದರೆ ಅದಕ್ಕೂ ಮೇಲೆ, ಶೇ. 30ರವರೆಗೂ. ಇದಕ್ಕೆ ಕಾನೂನಿನ ಗೆರೆ ಏನಿಲ್ಲ, ಕಂಪನಿಯಿಂದ ಕಂಪನಿಗೆ ಹೆಚ್ಚುಕಡಿಮೆ. ಜಾಸ್ತಿ ಎಣ್ಣೆ ಇದ್ದದ್ದೇ ಒಳ್ಳೆಯದು ಎಂದು ಅಂಗಡಿಯವರು ದುಬಾರಿಯದನ್ನು ದಾಟಿಸುತ್ತಾರೆ. ಕರಾವಳಿಯ ಹಗಲಿಗೆ ತ್ವಾಲೆಟ್ಟೇ ಸಾಕು, ನನ್ನ ಮಟ್ಟಿಗೆ ಅದೇ ಹಿತ.

ಶನೆಲ್ ನಂಬರ್ 5

1921ರಲ್ಲಿ ಎರ್ನೆಸ್ಟ್ ಬೊ ಮಾಡಿದ್ದು. ನೂರು ವರ್ಷ ದಾಟಿದ ಸೆಂಟು. ಇದನ್ನು ಕೊಳ್ಳುವ ಮುಂಚೆ ನಾನು ಎರಡು ವರ್ಷ ಯೋಚಿಸಿದ್ದೇನೆ. 100 ಮಿಲಿ ಓ ದ ಪಾರ್ಫಂಗೆ ಹದಿನೇಳು ಸಾವಿರದ ಹತ್ತಿರ ಕೊಟ್ಟೆ. ಸಲಕ್ಕೆ ಹದಿನೇಳು ರೂಪಾಯಿ, ದಿನಕ್ಕೆ ನಾಲ್ಕು ಸಲ ಎಂದರೆ ಅರವತ್ತೆಂಟು.

ಮೊದಲು ಹಾಕಿದ್ದು ಶಿರಸಿಯಲ್ಲಿ, ಡಿಸೆಂಬರಿನ ಒಂದು ಬೆಳಿಗ್ಗೆ. ತೋಟದ ಮೇಲೆ ಇಬ್ಬನಿ ಇನ್ನೂ ಎದ್ದಿರಲಿಲ್ಲ. ಮೊದಲಿಗೆ ಬಂದದ್ದು ಹೂವಲ್ಲ. ಆಗಷ್ಟೇ ಇಸ್ತ್ರಿ ಮಾಡಿದ ಬಿಳಿ ಹತ್ತಿ ಬಟ್ಟೆಯ ವಾಸನೆ, ಉಫ್ ಎಂದು ಊದಿದ ಮೇಣದಬತ್ತಿಯದು, ಸ್ವಲ್ಪ ಸೋಪಿನ ನೊರೆ. ಆಲ್ಡಿಹೈಡ್ ಎನ್ನುವ ರಾಸಾಯನಿಕಗಳ ಕೆಲಸ ಅದು. ನಂಬರ್ 5 ಹೆಸರು ಮಾಡಿದ್ದೇ ಅವುಗಳ ಧಾರಾಳ ಬಳಕೆಯಿಂದ. ಅರ್ಧ ತಾಸಿಗೆ ಗುಲಾಬಿ, ಮಲ್ಲಿಗೆ ಬಂದವು, ಆದರೆ ಇದು ಯಾವ ಮಲ್ಲಿಗೆ ಎಂದು ಬೆರಳಿಟ್ಟು ತೋರಿಸಲಾಗದ ಹಾಗೆ. ಮಧ್ಯಾಹ್ನದ ಊಟದ ಹೊತ್ತಿಗೆ ಶಾಲಿನ ಅಂಚಿನಲ್ಲಿ ಪೌಡರಿನಂಥ ಬೆಚ್ಚಗಿನ ಘಮ. ಸಂಜೆ ಶಾಲು ಮಡಚುವಾಗಲೂ ಇತ್ತು. ದುಡ್ಡು ಕೊಟ್ಟದ್ದು ಸಾರ್ಥಕ ಅನ್ನಿಸಿತು.

ಏಪ್ರಿಲಿನಲ್ಲಿ ಕಾರವಾರದಲ್ಲಿ ಒಂದು ಮದುವೆ. ಹಾಲಿನಲ್ಲಿ ಫ್ಯಾನು ತಿರುಗುತ್ತಿತ್ತೇ ಹೊರತು ಗಾಳಿ ಇರಲಿಲ್ಲ. ಜಡೆಗೆ ಭಟ್ಕಳ ಮಲ್ಲಿಗೆ, ಕುತ್ತಿಗೆಗೆ ನಂಬರ್ 5. ಇಪ್ಪತ್ತು ನಿಮಿಷದಲ್ಲಿ ಆ ಮೂರು ಹಂತವೂ ಕಲಸಿ ಮುದ್ದೆಯಾಯಿತು. ನಂಬರ್ 5ಕ್ಕೆ ಬಳಸುವ, ಫ್ರಾನ್ಸಿನ ಗ್ರಾಸ್ ಊರಿನ ಮಲ್ಲಿಗೆಯ ಹೆಮ್ಮೆ ನನ್ನ ಜಡೆಯ ಒಂದು ಮೊಳದ ಎದುರು ನಿಲ್ಲಲಿಲ್ಲ. ಪಕ್ಕದಲ್ಲಿ ಕೂತ ಹಿರಿಯ ಹೆಂಗಸು ನನ್ನತ್ತ ಬಗ್ಗಿ ಪ್ರೀತಿಯಿಂದಲೇ ಕೇಳಿದರು: "ಯಾವ ಸೋಪು ಹಾಕ್ತೀರಿ?"

ಆದ್ದರಿಂದ ನಂಬರ್ 5 ಬೇಕೆನ್ನುವವರಿಗೆ ನನ್ನ ಮಾತು: ಶಿರಸಿ, ಸಿದ್ದಾಪುರ, ಯಲ್ಲಾಪುರದವರಾದರೆ ನವೆಂಬರಿನಿಂದ ಫೆಬ್ರವರಿಯವರೆಗೆ ಇದಕ್ಕೆ ಸಾಟಿಯಿಲ್ಲ. ಕರಾವಳಿಯಲ್ಲಿದ್ದು ದಿನಾ ಹಾಕುವ ಆಲೋಚನೆಯಿದ್ದರೆ ಬೇಡ. ತಲೆಗೆ ಹೂ ಮುಡಿಯುವ ದಿನ ಎಲ್ಲಿದ್ದರೂ ಬೇಡ. ಎರಡರಲ್ಲೊಂದು ಆರಿಸಿ. ಹೂವೇ ಅಗ್ಗ.

ಟೆರ್ ದೆರ್ಮೆಸ್, ಅಥವಾ ಆಯಿಯ ನೀರಿನ ಹೂಜಿ

ಇದು 2006ರದ್ದು, ಜಾನ್-ಕ್ಲೋದ್ ಎಲೆನಾ ಮಾಡಿದ್ದು. ಗಂಡಸರ ಸಾಲಿನಲ್ಲಿಟ್ಟು ಮಾರುತ್ತಾರೆ. ಕೌಂಟರಿನ ಹುಡುಗ ನನಗೆ ಎರಡು ಸಲ "ಯಾರಿಗೆ ಮೇಡಂ, ಸರ್‌ಗಾ?" ಎಂದು ಕೇಳಿದ. ನನಗೇ.

ಒತ್ತಿದ ಕೂಡಲೇ ಕಿತ್ತಳೆ ಸಿಪ್ಪೆಯನ್ನು ಬೆರಳಲ್ಲಿ ಮುರಿದಾಗ ಕಣ್ಣಿಗೆ ಹಾರುತ್ತದಲ್ಲ, ಆ ಚುರುಕು. ಅದರ ಬೆನ್ನಿಗೇ ಕಲ್ಲಿಗೆ ಕಲ್ಲು ಕುಟ್ಟಿದಂಥ ಒಣ ವಾಸನೆ, ಆಮೇಲೆ ಕಾಳುಮೆಣಸು. ಅಂಗಳದ ಬಿಸಿಲಲ್ಲಿ ತಟ್ಟಿಯ ಮೇಲೆ ಮೆಣಸು ಹರವಿದ ಮನೆಯಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಂದು ತಾಸಿನ ನಂತರ ಬೇರಿನ ವಾಸನೆ ಏಳುತ್ತದೆ. ಆಯಿಯ ಹತ್ತಿರ ಕೂತಿದ್ದೆ. ಅವಳು ತರಕಾರಿ ಹೆಚ್ಚುವುದನ್ನು ನಿಲ್ಲಿಸಿ ಮೂಗರಳಿಸಿದಳು.

"ಎಂತದೇ ಇದು? ಲಾವಂಚದ ಪರಿಮಳ ಬತ್ತಾ ಇದ್ದು."

ಸರಿಯಾಗಿಯೇ ಹೇಳಿದ್ದಳು. ಫ್ರೆಂಚರು ವೆಟಿವರ್ ಎನ್ನುವುದು ನಮ್ಮ ಲಾವಂಚವನ್ನೇ. ಆ ಪದವೂ ತಮಿಳಿನ 'ವೆಟ್ಟಿವೇರ್'ನಿಂದ ಹೋದದ್ದು. ಬೇಸಿಗೆಯಲ್ಲಿ ಮಣ್ಣಿನ ಹೂಜಿಗೆ ಒಂದು ಹಿಡಿ ಬೇರು ಕಟ್ಟಿ ಹಾಕುವುದು ನಮ್ಮ ಮನೆಯ ರೂಢಿ. ಅದೇ ಬೇರಿನಿಂದ ಟೋಪಿ, ಬೀಸಣಿಗೆ ಹೆಣೆಯುವವರು ನಮ್ಮ ಜಿಲ್ಲೆಯಲ್ಲೇ ಇದ್ದಾರೆ. ಹತ್ತು ಸಾವಿರ ಕೊಟ್ಟು ನಾನು ಮನೆಯ ಕುಡಿಯುವ ನೀರಿನ ವಾಸನೆ ಕೊಂಡೆ ಎಂದು ಅಣ್ಣ ಆಡಿಕೊಂಡ. ಆಡಿಕೊಳ್ಳಲಿ.

ಏಕೆಂದರೆ ಘಟ್ಟದ ಮೇಲೂ ಕೆಳಗೂ ತಾಳಿಕೊಂಡ ದುಬಾರಿ ಸೆಂಟು ನಾನು ಕಂಡದ್ದರಲ್ಲಿ ಇದೊಂದೇ. ಕಾರವಾರದ ಸೆಕೆಯಲ್ಲಿ ಕಿತ್ತಳೆ ಹತ್ತು ನಿಮಿಷಕ್ಕೇ ಹಾರಿಹೋಗುತ್ತದೆ, ನಿಜ. ಆದರೆ ಉಳಿಯುವ ಬೇರು, ಮರ ಬೆವರಿನ ಜೊತೆ ಜಗಳಕ್ಕಿಳಿಯುವುದಿಲ್ಲ. ಮೈಯೇ ಸ್ವಲ್ಪ ಒಣಗಿ ತಂಪಾದಂತೆ ಅನ್ನಿಸುತ್ತದೆ. ಮಳೆಗಾಲದಲ್ಲಿ ಇದರ ಇನ್ನೊಂದು ಗುಣ ತಿಳಿಯಿತು. ಶಿರಸಿಯ ಮನೆಯಲ್ಲಿ ಆಷಾಢದ ಬಟ್ಟೆ ಒಣಗುವುದು ಬಚ್ಚಲೊಲೆಯ ಮೇಲೆ ಕಟ್ಟಿದ ಗಳದಲ್ಲಿ. ಎಷ್ಟು ತೊಳೆದರೂ ಹೊಗೆಯ ವಾಸನೆ ಹೋಗುವುದಿಲ್ಲ. ಹೂವಿನ ಸೆಂಟನ್ನು ಅದರ ಮೇಲೆ ಹಾಕಿದರೆ ಅಡುಗೆಮನೆಯಲ್ಲಿ ಅಗರಬತ್ತಿ ಹಚ್ಚಿದ ಹಾಗೆ. ಲಾವಂಚ ಮತ್ತು ಹೊಗೆ ಮಾತ್ರ ಹಳೆಯ ಪರಿಚಯದವರಂತೆ ಒಂದಾಗುತ್ತವೆ. ಆ ವಾಸನೆಯನ್ನು ಯಾರಾದರೂ ಸೀಸೆಗೆ ತುಂಬಿ ಮಾರಿದರೆ ಇಪ್ಪತ್ತು ಸಾವಿರ ಕೊಡಲೂ ಜನ ಇದ್ದಾರು.

ಕೊರತೆ ಇಲ್ಲವೆಂದಲ್ಲ. ಹೂವು, ಸಿಹಿ ಬೇಕೆನ್ನುವವರಿಗೆ ಇದು ಒರಟು. ದಿನಕ್ಕೆ ಮೂರು ಸಲ ಒತ್ತಿದರೆ ಮೂವತ್ತು ರೂಪಾಯಿ ಚಿಲ್ಲರೆ. ಮೇ ತಿಂಗಳಲ್ಲಿ ನಾಲ್ಕು ತಾಸಿಗೆ ಹತ್ತಿರ ಬಂದವರಿಗಷ್ಟೇ ಗೊತ್ತಾಗುವಷ್ಟು ಇಳಿಯುತ್ತದೆ.

ಬ್ಯಾಕರಾ ರೂಜ್ 540

ಫೋನಿನಲ್ಲಿ ರೀಲ್ಸ್ ನೋಡುವ ಮಕ್ಕಳೆಲ್ಲ ಕೇಳುವುದು ಇದನ್ನೇ. ಬ್ಯಾಕರಾ ಎನ್ನುವುದು 1764ರಲ್ಲಿ ಶುರುವಾದ ಫ್ರಾನ್ಸಿನ ಗಾಜಿನ ಕಾರ್ಖಾನೆ. ಅದರ 250ನೇ ವರ್ಷಕ್ಕೆಂದು ಫ್ರಾನ್ಸಿಸ್ ಕುರ್ಕ್‌ಜಿಯಾನ್ ಇದನ್ನು ಮಾಡಿದರು. ಆ ಕಾರ್ಖಾನೆಯ ಕೆಂಪು ಗಾಜಿಗೆ ಬಣ್ಣ ಕೂರುವ ಉಷ್ಣತೆ 540 ಡಿಗ್ರಿ, ಹೆಸರು ಅದರಿಂದ. 70 ಮಿಲಿಗೆ ಇಪ್ಪತ್ತೈದು ಸಾವಿರದ ಮೇಲೆ. ನಾನು ಇಡೀ ಸೀಸೆ ಕೊಂಡಿಲ್ಲ, 5 ಮಿಲಿ ಮಾತ್ರ ತರಿಸಿ ಎರಡು ತಿಂಗಳು ಹಾಕಿದೆ.

ಮಾರಿಕಾಂಬಾ ಜಾತ್ರೆಯಲ್ಲಿ ಬಾಂಬೆ ಮಿಠಾಯಿ ಸುತ್ತುವ ಯಂತ್ರದ ಪಕ್ಕ ನಿಂತಿದ್ದೀರಾ? ಸಕ್ಕರೆ ಕಾದು ಎಳೆಯಾಗುವ ಆ ವಾಸನೆ. ಅದರ ಹಿಂದೆ ಒಂದು ಎಸಳು ಕೇಸರಿ, ಅದರ ಹಿಂದೆ ಆಸ್ಪತ್ರೆಯಲ್ಲಿ ಗಾಯಕ್ಕೆ ಹಚ್ಚುವ ಔಷಧದ ನೆರಳು. ವಿಚಿತ್ರ, ಚಂದ, ಮತ್ತೆ ಮತ್ತೆ ಮೂಸಬೇಕೆನ್ನಿಸುವಂಥದು.

ಪೇಚು ಎಲ್ಲಿದೆ ಎಂದರೆ, ಹಾಕಿಕೊಂಡವರಿಗೆ ಹತ್ತು ನಿಮಿಷದಲ್ಲಿ ಇದರ ವಾಸನೆ ತಿಳಿಯುವುದೇ ನಿಲ್ಲುತ್ತದೆ. ಇದರಲ್ಲಿ ಬಳಸುವ ಆಂಬ್ರಾಕ್ಸಾನ್‌ನಂಥ ಕೃತಕ ಪರಿಮಳದ ವಸ್ತುಗಳಿಗೆ ಮೂಗು ಬೇಗ ಒಗ್ಗಿಬಿಡುತ್ತದೆ. ಹಾರಿಹೋಯಿತೆಂದುಕೊಂಡು ನಾನು ಮತ್ತೆರಡು ಸಲ ಒತ್ತಿದೆ. ಸಹೋದ್ಯೋಗಿಗಳು ಪಾಪ ಏನೂ ಅನ್ನಲಿಲ್ಲ, ಒಬ್ಬೊಬ್ಬರೇ ಎದ್ದು ಕಿಟಕಿಗಳನ್ನು ತೆರೆದರು. ಕರಾವಳಿಯ ಸೆಕೆಯಲ್ಲಿ ಈ ಸಿಹಿ ಜೇನಿನಂತೆ ಅಂಟಿಕೊಳ್ಳುತ್ತದೆ. ಶಿರಸಿಯ ಚಳಿಯ ರಾತ್ರಿ, ಬಯಲಿನಲ್ಲಿ ಯಕ್ಷಗಾನ ನೋಡುತ್ತ ಕೂತಾಗ ಒಂದೇ ಒಂದು ಸಲ ಹಾಕಿದ್ದರೆ ಆಗ ಗೊತ್ತಾಗುತ್ತದೆ ಇದಕ್ಕೇಕೆ ಇಷ್ಟು ಬೆಲೆ ಎಂದು. ಅಂಥ ರಾತ್ರಿ ವರ್ಷಕ್ಕೆ ಎಷ್ಟು ಸಿಗುತ್ತವೆ, ಅದನ್ನು ಎಣಿಸಿ ಕೊಳ್ಳಿ.

ಕಡಲಿನ ಪರಿಮಳ ಎಂದೇ ಹೆಸರಾದ ಆಕ್ವಾ ಡಿ ಜಿಯೊ ಬಗ್ಗೆಯೂ ಕೇಳುತ್ತಾರೆ. 1996ರದ್ದು, ಹುಡುಗರಿಗೆ ಒಪ್ಪುತ್ತದೆ, ಸೆಕೆಗೂ ಒಳ್ಳೆಯದು. ಆದರೆ ಅದು ಇಟಲಿಯ ಕಡಲು. ಒಣಮೀನು ಹರವಿದ ಬೈತಖೋಲ್ ಬಂದರಿನ ಪಕ್ಕ ಅದನ್ನು ಹಾಕಿಕೊಂಡು ನಡೆದರೆ ಎರಡು ಕಡಲುಗಳೂ ಒಂದನ್ನೊಂದು ಗುರುತಿಸುವುದಿಲ್ಲ.

ಊದ್, ಗಂಧ, ಖಸ್

ಅತ್ತರಿಗೆ ಬರೋಣ. ಸ್ಪಿರಿಟ್ ಇಲ್ಲ ಎನ್ನುವುದು ಇದರ ಮೊದಲ ಅನುಕೂಲ. ನಮಾಜಿಗೆ ಹೋಗುವಾಗ ಸ್ಪಿರಿಟ್ ಇಲ್ಲದ್ದೇ ಬೇಕೆನ್ನುವವರು ಭಟ್ಕಳದಲ್ಲಿ ಬಹಳ ಮಂದಿ. ನಮ್ಮ ಆಯಿಯ ದೇವರಕೋಣೆಯ ನಿಯಮವೂ ಹೆಚ್ಚುಕಡಿಮೆ ಅದೇ: ಶನೆಲ್ ಹಾಕಿಕೊಂಡು ಹೊಸ್ತಿಲು ದಾಟುವಂತಿಲ್ಲ, ಗಂಧದೆಣ್ಣೆಗೆ ಅಡ್ಡಿಯಿಲ್ಲ. ಎಣ್ಣೆಯಾದ್ದರಿಂದ ಮೈಗಂಟಿ ಕೂತು ನಿಧಾನಕ್ಕೆ ಬಿಡುತ್ತದೆ. ಸೆಕೆಯಲ್ಲಿ ಸ್ಪಿರಿಟಿನ ಸೆಂಟಿಗಿಂತ ತಾಳ್ಮೆಯದು.

ಊದ್ ಎಂದರೆ ಅಗರು. ಅಕ್ವಿಲೇರಿಯಾ ಮರಕ್ಕೆ ಗಾಯವಾಗಿ ಶಿಲೀಂಧ್ರ ಹೊಕ್ಕಾಗ, ಅದನ್ನು ತಡೆಯಲು ಮರ ತನ್ನೊಳಗೆ ರಾಳ ತುಂಬಿಕೊಳ್ಳುತ್ತದೆ. ಆ ಕಪ್ಪಾದ ಭಾಗಕ್ಕೇ ಬೆಲೆ. ನಮ್ಮ ದೇಶದಲ್ಲಿ ಅಸ್ಸಾಂ ಇದರ ತವರು. ಮಲೆನಾಡಿನಲ್ಲಿ ಅಡಿಕೆಯ ನಡುವೆ ಇದನ್ನು ನೆಟ್ಟು ಕಾಯುತ್ತಿರುವವರೂ ಇದ್ದಾರೆ. ಅಸಲಿ ಊದಿನ ಎಣ್ಣೆಯ ಮೊದಲ ಹತ್ತು ನಿಮಿಷ ಎಲ್ಲರಿಗೂ ಅಲ್ಲ: ಕೊಟ್ಟಿಗೆ, ಹಳೆಯ ಚರ್ಮದ ಚೀಲ, ಮುಗ್ಗಿದ ಕಟ್ಟಿಗೆ. ಕೊಟ್ಟಿಗೆಯಿರುವ ಮನೆಯಲ್ಲಿ ಬೆಳೆದ ನನಗೇನೂ ಅಸಹ್ಯವಾಗಲಿಲ್ಲ. ಆಮೇಲೆ ಅದು ಜೇನು, ಧೂಪ, ಹೊಗೆಯಾಗಿ ಮರುದಿನದ ಸ್ನಾನದವರೆಗೂ ಮಣಿಕಟ್ಟಿನಲ್ಲಿರುತ್ತದೆ. ಒಂದು ತೊಲೆ, ಅಂದರೆ ಸುಮಾರು ಹನ್ನೆರಡು ಗ್ರಾಂ ಅಸಲಿ ಊದಿನ ಎಣ್ಣೆಗೆ ಮೇಲೆ ಹೇಳಿದ ಫ್ರೆಂಚ್ ಸೀಸೆಗಳೆಲ್ಲ ಅಗ್ಗ ಅನ್ನಿಸುವ ಬೆಲೆಯಿರುತ್ತದೆ. ಐನೂರು ರೂಪಾಯಿಗೆ ಊದ್ ಎಂದು ಕೊಡುವುದು ಕೃತಕ. ಕೃತಕವೆಂದು ತಿಳಿದೇ ಕೊಂಡರೆ ಅದರಲ್ಲೂ ಚಂದದವು ಇವೆ.

ಭಟ್ಕಳದ ಗೆಳತಿಯೊಬ್ಬಳು ಕಲಿಸಿದ್ದು ಇನ್ನೊಂದು. ಊದಿನ ಚಕ್ಕೆಯನ್ನೋ ಬಖೂರ್ ಎನ್ನುವ ಪರಿಮಳದ ಧೂಪವನ್ನೋ ಕೆಂಡದ ಮೇಲಿಟ್ಟು, ಅದರ ಹೊಗೆ ಕಪಾಟಿನ ಬಟ್ಟೆಗೆ ತಾಗುವಂತೆ ಮಾಡುವುದು. ಜುಲೈಯಲ್ಲಿ ಬೂಷ್ಟಿನ ಕಮಟಿಗೆ ಇದರಷ್ಟು ಒಳ್ಳೆ ಮದ್ದು ಯಾವ ಸೀಸೆಯಲ್ಲೂ ಇಲ್ಲ. ಕೆಂಡ ಬಟ್ಟೆಗೆ ಹತ್ತದ ಹಾಗೆ ನೋಡಿಕೊಳ್ಳಿ. ನನ್ನ ಒಂದು ದುಪಟ್ಟಾದ ಅಂಚು ಹೋಗಿದೆ.

ಗಂಧದೆಣ್ಣೆ ಎಂದರೆ ನಮಗೆ ಮೈಸೂರೇ. 1916ರಲ್ಲಿ ಅಲ್ಲಿ ಸರ್ಕಾರಿ ಗಂಧದೆಣ್ಣೆ ಕಾರ್ಖಾನೆ ಶುರುವಾದಾಗಿನಿಂದ ಆ ಹೆಸರೇ ಗುಣಕ್ಕೆ ಗುರುತಾಗಿದೆ. ಹಾಲಿನ ಕೆನೆಯಂಥ ನುಣುಪು. ಮೈಗೆ ಅಂಟಿಕೊಂಡೇ ಇರುತ್ತದೆ, ಒಂದು ಮೊಳದಾಚೆ ಹೋಗುವುದಿಲ್ಲ. ಶಾಲೆ, ಆಸ್ಪತ್ರೆ, ಬ್ಯಾಂಕಿನಲ್ಲಿ ಕೆಲಸ ಮಾಡುವವರಿಗೆ ನಾನು ಕಣ್ಣುಮುಚ್ಚಿ ಹೇಳುವುದು ಇದನ್ನೇ. ಯಾರ ಗಮನವನ್ನೂ ಸೆಳೆಯಬೇಕಿಲ್ಲದ ದಿನಗಳಿಗೆ ಇದು. 'ನಾನು ಬಂದೆ' ಎಂದು ಸಾರಬೇಕಾದವರಿಗೆ ನಿರಾಸೆಯಾಗುತ್ತದೆ.

ಖಸ್ ಅತ್ತರು ಮತ್ತೆ ನಮ್ಮ ಲಾವಂಚವೇ, ಉತ್ತರ ಪ್ರದೇಶದ ಕನೌಜಿನಲ್ಲಿ ತಾಮ್ರದ ಹಂಡೆಯಲ್ಲಿ ಬಟ್ಟಿ ಇಳಿಸಿದ್ದು. ಟೆರ್ ದೆರ್ಮೆಸ್‌ನಿಂದ ಕಿತ್ತಳೆ, ಮೆಣಸು, ಫ್ರೆಂಚ್ ಠೀವಿ ಎಲ್ಲ ತೆಗೆದರೆ ಉಳಿಯುವ ಹಸಿರು ಬೇರು. 3 ಮಿಲಿಗೆ ಆರುನೂರು ಕೊಟ್ಟಿದ್ದೆ. ಹನಿಯ ಲೆಕ್ಕದಲ್ಲಿ ಸುಮಾರು ಅರವತ್ತು, ದಿನಕ್ಕೆರಡು ಹನಿ ಎಂದರೆ ಇಪ್ಪತ್ತು ರೂಪಾಯಿ. ಅತ್ತರು ಎಂದರೆ ಅಗ್ಗ ಎಂದುಕೊಂಡವರು ಈ ಲೆಕ್ಕ ನೋಡಬೇಕು. ಫ್ರೆಂಚ್ ಸೀಸೆಗಿಂತ ದಿನಕ್ಕೆ ಹತ್ತು ರೂಪಾಯಿ ಉಳಿಯಿತು, ಅಷ್ಟೇ. ಒಂದೇ ಸಲ ಹತ್ತು ಸಾವಿರ ಕೈಬಿಡಬೇಕಾಗಿಲ್ಲ ಎನ್ನುವುದೇ ನಿಜವಾದ ಲಾಭ. ಅದೇ ಕನೌಜಿನವರು ಸುಟ್ಟ ಮಣ್ಣನ್ನು ಬಟ್ಟಿ ಇಳಿಸಿ ಮಿಟ್ಟಿ ಅತ್ತರು ಎಂದು ಮೊದಲ ಮಳೆಯ ವಾಸನೆಯನ್ನೂ ಮಾರುತ್ತಾರೆ. ಬೆಂಗಳೂರಿನವರಿಗೆ ಕೊಡಿ. ಮೃಗಶಿರಾ ಮಳೆ ಹಂಚಿನ ಮೇಲೆ ಬೀಳುವ ಊರಿನವರಿಗೆ ಅದು ಯಾಕೆ.

ನಕಲಿ ಸೀಸೆ

ನನ್ನ ಮೊದಲ ಟೆರ್ ದೆರ್ಮೆಸ್ ಮುಗಿದಾಗ ಆನ್‌ಲೈನಿನಲ್ಲಿ ಯಾರೋ ಶೇ. 40 ರಿಯಾಯಿತಿಗೆ ಕೊಡುತ್ತಿದ್ದರು. ತರಿಸಿದೆ. ಸೀಸೆಯ ಅಡಿಯ ಕಿತ್ತಳೆ ಬಣ್ಣದ ಗುರುತು, ಡಬ್ಬಿ, ಸೀಲು ಎಲ್ಲ ಸರಿಯಾಗಿತ್ತು. ಮೊದಲ ಹತ್ತು ನಿಮಿಷ ವಾಸನೆಯೂ ಸರಿ. ಬಸ್ಸು ಅಂಕೋಲಾ ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಕೈಯಲ್ಲಿ ಉಳಿದದ್ದು ಇಂಜೆಕ್ಷನ್ನಿಗೆ ಮುಂಚೆ ಒರೆಸುವ ಸ್ಪಿರಿಟು. ಬೇರು ಬರಲೇ ಇಲ್ಲ. ವಾಪಸು ಕಳಿಸಲು ನೋಡಿದರೆ 'ಸೀಲು ಒಡೆದಿದೆ' ಎಂಬ ಉತ್ತರ. ಸೀಲು ಒಡೆಯದೆ ಮೂಸುವುದು ಹೇಗೆ ಎಂದು ಕೇಳಿದ್ದಕ್ಕೆ ಉತ್ತರ ಬಂದಿಲ್ಲ. ಆರು ಸಾವಿರ ಹೋಯಿತು.

ನಕಲಿ ಮಾಡುವವರು ಮೇಲಿನ ಹಗುರ ಪರಿಮಳವನ್ನು ಚೆನ್ನಾಗಿಯೇ ಕೂರಿಸುತ್ತಾರೆ. ಕೊಳ್ಳುವವರು ಮೂಸುವುದು ಅದನ್ನೇ ತಾನೇ. ತಳದ ದುಬಾರಿ ಎಣ್ಣೆಯನ್ನು ಕೈಬಿಡುತ್ತಾರೆ. ಹಾಗಾಗಿ ಎರಡು ತಾಸು ಕಳೆಯದೆ ಯಾವುದನ್ನೂ ಅಸಲಿ ಎನ್ನಬೇಡಿ. ಕಾರವಾರದಲ್ಲಿ ಇವುಗಳ ಅಧಿಕೃತ ಮಳಿಗೆ ನನಗೆ ಕಂಡಿಲ್ಲ. ನಾವು ಗೋವಾಕ್ಕೋ ಮಂಗಳೂರಿಗೋ ಬೆಂಗಳೂರಿಗೋ ಹೋಗಬೇಕು. ಹೋದಾಗ ಕಾಗದದ ಪಟ್ಟಿಗೆ ಬೇಡ, ಮಣಿಕಟ್ಟಿಗೆ ಹಾಕಿಸಿಕೊಳ್ಳಿ. ಕೊಳ್ಳದೆ ಹೊರಗೆ ಬನ್ನಿ. ಬಿಸಿಲಲ್ಲಿ ಅಲೆದು, ಊಟ ಮಾಡಿ, ಆಮೇಲೆ ಮೂಸಿ. ಸಂಜೆಯ ರೈಲಿಗೂ ಅದು ಹಿತವಾಗಿದ್ದರೆ ಮುಂದಿನ ಸಲ ದುಡ್ಡು ಒಯ್ಯಿರಿ. ಕಂಪನಿಯದೇ 5 ಅಥವಾ 10 ಮಿಲಿ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ.

ಕೊಂಡ ಮೇಲೆ ಬಚ್ಚಲಲ್ಲಿ, ಕಾರಿನಲ್ಲಿ, ಪಡುವಣ ಕಿಟಕಿಯಲ್ಲಿ ಇಡಬೇಡಿ. ಶಾಖಕ್ಕೂ ಬೆಳಕಿಗೂ ಮೊದಲು ಕೆಡುವುದು ಆ ಕಿತ್ತಳೆ, ನಿಂಬೆಗಳೇ. ಡಬ್ಬಿ ಸಮೇತ ಕಪಾಟಿನ ಒಳಗಿರಲಿ. ರೇಷ್ಮೆ ಸೀರೆಗೆ, ಮುತ್ತಿನ ಸರಕ್ಕೆ ನೇರ ಹೊಡೆಯಬೇಡಿ, ಕಲೆ ಹೋಗುವುದಿಲ್ಲ.

ಹಾಗಾದರೆ ಯಾರಿಗೆ ಯಾವುದು

ಶಿರಸಿಯ ತಂಗಿಗೆ ಎರಡು ಸಾವಿರದಲ್ಲಿ ನಾನು ಹೇಳಿದ್ದು: ಒಂದು ಸಣ್ಣ ಸೀಸೆ ಗಂಧದೆಣ್ಣೆ ಮದುವೆಯ ದಿನಕ್ಕೆ, ಏಕೆಂದರೆ ಅವತ್ತು ತಲೆತುಂಬ ಹೂವಿರುತ್ತದೆ, ಹೋಮದ ಹೊಗೆಯಿರುತ್ತದೆ, ಗಂಧ ಯಾವುದಕ್ಕೂ ಅಡ್ಡ ಬರುವುದಿಲ್ಲ. ಮಿಕ್ಕ ದುಡ್ಡಿಗೆ ಟೈಟನ್‌ನವರ ಸ್ಕಿನ್‌ನಂಥ ಒಂದು ಸೆಂಟು, ಮದುವೆಯಾದ ಮೇಲೆ ಅಲ್ಲಿ ಇಲ್ಲಿ ಹೋಗಲಿಕ್ಕೆ. ಸೀರೆಯ ಪೆಟ್ಟಿಗೆಗೆ ಅಜ್ಜಿಯ ಹತ್ತಿರ ಒಣಗಿದ ಸುರಗಿಯ ಮಾಲೆ ಕೇಳು ಅಂದೆ. ವರ್ಷಗಟ್ಟಲೆ ಪರಿಮಳ ಬಿಡುವ ಹೂವು ಅದು, ಅದಕ್ಕೆ ದುಡ್ಡಿಲ್ಲ.

ಮೂರರಿಂದ ಐದು ಸಾವಿರದವರಿಗೆ ದಾರಿ ಎರಡು: ಅಸಲಿ ಹೆಸರಿನ 10 ಮಿಲಿ, ಅಥವಾ ಕೊಲ್ಲಿಯ ಕಂಪನಿಗಳ ದೊಡ್ಡ ಸೀಸೆ. ಅವರು ಪ್ರಸಿದ್ಧ ಸೆಂಟುಗಳನ್ನು ಹೋಲುವಂತೆ ಮಾಡುತ್ತಾರೆ, ತಮ್ಮದೇ ಹೆಸರಲ್ಲಿ ಮಾರುತ್ತಾರೆ. ಅದು ನಕಲಿಯ ಲೆಕ್ಕಕ್ಕೆ ಬರುವುದಿಲ್ಲ. ಬಹಳ ದಿನ ಬರಬೇಕು, ಬಳಸುವಾಗ ಕೈ ಹಿಡಿಯಬಾರದು ಎನ್ನುವವರಿಗೆ ಎರಡನೆಯದು. ನನಗೆ ಮೊದಲನೆಯದು.

ಹತ್ತು ಸಾವಿರವಿದ್ದು ಕರಾವಳಿಯಲ್ಲಿ ವಾಸವಾದರೆ ಟೆರ್ ದೆರ್ಮೆಸ್. ಹದಿನೈದರ ಮೇಲಿದ್ದು ಘಟ್ಟದ ಮೇಲಿದ್ದರೆ ನಂಬರ್ 5. ದುಡ್ಡಿನ ಚಿಂತೆಯೇ ಇಲ್ಲದಿದ್ದರೆ ಭಟ್ಕಳಕ್ಕೆ ಹೋಗಿ, ಊದ್ ತಿಳಿದವರನ್ನು ಹಿಡಿದು, ಕಾಲು ತೊಲೆ ಅಸಲಿ ತನ್ನಿ.

ಗೆಳತಿಗೂ ಇದನ್ನೆಲ್ಲ ವಿವರವಾಗಿ ಬರೆದು ಕಳಿಸಿದೆ: ಟೆರ್ ದೆರ್ಮೆಸ್, ಓ ದ ತ್ವಾಲೆಟ್, 50 ಮಿಲಿ ಸಾಕು, ಬಿಲ್ಲು ಇಟ್ಟುಕೊಳ್ಳಲಿ. ರಾತ್ರಿ ಹನ್ನೊಂದಕ್ಕೆ ಉತ್ತರ ಬಂತು. ತಮ್ಮ ಆಗಲೇ ಬ್ಯಾಕರಾ ಕೊಂಡು ಸೂಟ್‌ಕೇಸಿಗೆ ಹಾಕಿಯಾಗಿದೆಯಂತೆ, ಅಂಗಡಿಯ ಹುಡುಗಿ ಅದೇ ಬೆಸ್ಟ್ ಅಂದಳಂತೆ.

ಸರಿ, ಒಂದೇ ಸಲ ಒತ್ತು, ಮೈಗಲ್ಲ, ದುಪಟ್ಟಾದ ತುದಿಗೆ, ಆಫೀಸಿಗಂತೂ ಬೇಡ ಎಂದು ಬರೆದೆ. ಕಳಿಸುವ ಮುಂಚೆ ಇನ್ನೊಂದು ಸಾಲು ಸೇರಿಸಿದೆ: ನನಗೂ 5 ಮಿಲಿ ತೆಗೆದಿಡು, ಜಾತ್ರೆಗೆ ಶಿರಸಿಗೆ ಹೋಗುವುದಿದೆ.